ಹಳಿಯುಂಟು, ಗಾಡಿ ನಿಲ್ಲುವುದುಂಟೆ?

ಬೆಂಗಳೂರಿನಿಂದ ಮೈಸೂರಿಗೆ ನೀವು ಹಲವು ಸಲ ರೈಲಿನಲ್ಲಿ ಹೋಗಿರಬಹುದು. ಮದ್ದೂರಿನಲ್ಲಿ ವಡೆ ಕೊಂಡಿರಬಹುದು, ಮಂಡ್ಯದಲ್ಲಿ ಇಳಿಯುವವರ ನೂಕುನುಗ್ಗಲನ್ನು ಕಂಡಿರಬಹುದು. ಆದರೆ ಈ ಎರಡು ಊರುಗಳ ನಡುವೆ ಹನಕೆರೆ ಎಂಬ ನಿಲ್ದಾಣವಿರುವುದನ್ನು ಗಮನಿಸಿದ್ದೀರಾ? ಮಂಡ್ಯ ದಾಟಿದ ಮೇಲೆ ಯಲಿಯೂರು, ಬ್ಯಾಡರಹಳ್ಳಿ ಬರುತ್ತವೆ. ವೇಗದ ಗಾಡಿಯಲ್ಲಿ ಕುಳಿತವರಿಗೆ ಇವು ಕಿಟಕಿಯಾಚೆ ಸರಿದುಹೋಗುವ ಹೆಸರಿನ ಹಲಗೆಗಳು ಮಾತ್ರ. ಪ್ಯಾಸೆಂಜರ್ ಗಾಡಿಗೆ ಕಾಯುವ ಹಳ್ಳಿಯವರಿಗಾದರೋ ಅವು ಪೇಟೆಯ ಬಾಗಿಲುಗಳು.

ಹಳಿ ಹಾಕಿದರೆ ರೈಲು ಬಂದಂತೆಯೇ ಎಂದು ನಾವು ತಿಳಿಯುತ್ತೇವೆ. ಮಂಡ್ಯ ಜಿಲ್ಲೆಯ ಚರಿತ್ರೆ ಬೇರೆ ಮಾತನ್ನೇ ಹೇಳುತ್ತದೆ. ಇಲ್ಲಿ ಎಲ್ಲ ಗಾಡಿಗಳನ್ನೂ ಕಂಡ ಊರುಗಳಿವೆ, ಗಾಡಿ ನಿಂತರೆ ನಿಂತಿತು ಎನ್ನುವ ಊರುಗಳಿವೆ, ಗಾಡಿಯ ಸದ್ದನ್ನೇ ಕೇಳದ ಊರುಗಳೂ ಇವೆ.

ಈ ಹಾದಿ ಹುಟ್ಟಿದ್ದು ಸಂಕಟದ ಕಾಲದಲ್ಲಿ. 1876ರಿಂದ 1878ರವರೆಗೆ ಧಾತು, ಈಶ್ವರ ಸಂವತ್ಸರಗಳಲ್ಲಿ ಮೈಸೂರು ಸಂಸ್ಥಾನವನ್ನು ಭೀಕರ ಬರ ಕಾಡಿತು. 1871ರ ಗಣತಿಯಲ್ಲಿ ಸುಮಾರು 50 ಲಕ್ಷವಿದ್ದ ಜನಸಂಖ್ಯೆ 1881ರ ವೇಳೆಗೆ 42 ಲಕ್ಷಕ್ಕೆ ಇಳಿಯಿತು ಎಂದರೆ ಅದರ ಕ್ರೌರ್ಯವನ್ನು ನೀವೇ ಊಹಿಸಿಕೊಳ್ಳಿ. ಧಾನ್ಯವಿದ್ದ ಕಡೆಯಿಂದ ಇಲ್ಲದ ಕಡೆಗೆ ಅದನ್ನು ಸಾಗಿಸುವ ಸಾಧನವಿಲ್ಲದೆ ಜನ ಸತ್ತರು. ಹಸಿದವರಿಗೆ ಕೂಲಿ, ಮುಂದಿನ ಬರಕ್ಕೆ ಸಾಗಾಣಿಕೆ ಎಂಬ ಎರಡು ಉದ್ದೇಶಗಳಿಂದ ಬೆಂಗಳೂರು–ಮೈಸೂರು ಮೀಟರ್ ಗೇಜ್ ಹಾದಿಯ ಕೆಲಸ ಸಂಸ್ಥಾನದ ಹಣದಲ್ಲಿ ನಡೆಯಿತು. 1881ರಲ್ಲಿ ಮೊದಲ ಭಾಗ ತೆರೆಯಿತು. 1882ರಲ್ಲಿ ಗಾಡಿ ಮೈಸೂರು ಮುಟ್ಟಿತು. ಉದ್ದ ಸುಮಾರು 138 ಕಿ.ಮೀ.

ಈ ಹಾದಿ ಮದ್ದೂರು, ಮಂಡ್ಯಗಳನ್ನು ಹಿಡಿದು ಹೋಯಿತು. ಮಳವಳ್ಳಿ ದಕ್ಷಿಣಕ್ಕೆ ಉಳಿಯಿತು. ಮುಂದೆ ಮಂಡ್ಯದಲ್ಲಿ 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪನೆಯಾಯಿತು; 1939ರಲ್ಲಿ ಅದು ಜಿಲ್ಲಾ ಕೇಂದ್ರವಾಯಿತು. ಇದೆಲ್ಲ ರೈಲೊಂದರಿಂದಲೇ ಆಯಿತೆಂದರೆ ಕನ್ನಂಬಾಡಿಯ ನೀರಿಗೆ ಅನ್ಯಾಯ ಮಾಡಿದಂತಾದೀತು. ಆದರೆ ಯಂತ್ರ ಬರಲು, ಸಕ್ಕರೆ ಹೋಗಲು ಹಳಿ ಮೊದಲೇ ಸಿದ್ಧವಿತ್ತೆಂಬುದನ್ನು ಮರೆಯಲಾಗದು.

ಮಳವಳ್ಳಿಯ ಕಥೆಯಲ್ಲಿ ಒಂದು ವಿಪರ್ಯಾಸವಿದೆ. ಆ ತಾಲ್ಲೂಕಿನ ಶಿವನಸಮುದ್ರದಲ್ಲಿ ತಯಾರಾದ ವಿದ್ಯುತ್ತು 1902ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೆ, 1905ರಲ್ಲಿ ಬೆಂಗಳೂರಿನ ಬೀದಿಗಳಿಗೆ ಹರಿಯಿತು. ಆ ಕೇಂದ್ರದ ಭಾರಿ ಯಂತ್ರಗಳನ್ನು ರೈಲು ಇಳಿಸಿದ ಮೇಲೆ ರಸ್ತೆಯಲ್ಲಿ ಆನೆ, ಕುದುರೆಗಳಿಂದ ಎಳೆಸಿದರೆಂದು ಹೇಳುತ್ತಾರೆ. ದೂರದ ಊರುಗಳಿಗೆ ಬೆಳಕು ಕೊಟ್ಟ ತಾಲ್ಲೂಕಿಗೆ ರೈಲು ಮಾತ್ರ ಬರಲಿಲ್ಲ. 1996–97ರಲ್ಲಿ ಹೆಜ್ಜಾಲದಿಂದ ಕನಕಪುರ, ಮಳವಳ್ಳಿ, ಕೊಳ್ಳೇಗಾಲ, ಯಳಂದೂರು ಮಾರ್ಗವಾಗಿ ಚಾಮರಾಜನಗರಕ್ಕೆ 142 ಕಿ.ಮೀ. ಹಾದಿಗೆ ಮಂಜೂರಾತಿ ದೊರೆಯಿತು. ಆ ವರ್ಷ ಹುಟ್ಟಿದ ಮಗು ಇಂದು ಮಗುವಿನ ತಂದೆಯೋ ತಾಯಿಯೋ ಆಗಿರಬಹುದು. ಮಳವಳ್ಳಿಯವರು ಇಂದಿಗೂ ಸುಮಾರು 25 ಕಿ.ಮೀ. ಬಸ್ಸಿನಲ್ಲಿ ಬಂದು ಮದ್ದೂರಿನಲ್ಲಿ ರೈಲು ಹತ್ತಬೇಕು.

ಇರುವ ಹಳಿಯೂ ಕೆಲವೊಮ್ಮೆ ಇಲ್ಲದಂತಾಗುವುದುಂಟು. ಇದಕ್ಕೆ ಬ್ರಿಟನ್ನಿನ ಉದಾಹರಣೆ ಸ್ವಾರಸ್ಯವಾಗಿದೆ. ಅಲ್ಲಿ 1844ರ ಕಾಯಿದೆ ಬಡವರಿಗಾಗಿ ದಿನಕ್ಕೊಂದಾದರೂ ಅಗ್ಗದ ಗಾಡಿ ಓಡಿಸಬೇಕೆಂದು ಕಂಪನಿಗಳಿಗೆ ವಿಧಿಸಿತು. ಅದನ್ನು ‘ಪಾರ್ಲಿಮೆಂಟಿನ ಗಾಡಿ’ ಎಂದು ಕರೆದರು. ನೂರೈವತ್ತು ವರ್ಷ ಕಳೆಯುವಷ್ಟರಲ್ಲಿ ಆ ಹೆಸರಿನ ಅರ್ಥವೇ ತಿರುಗಿತು. ಹಾದಿಯೊಂದನ್ನು ಮುಚ್ಚಲು ದೀರ್ಘ ವಿಚಾರಣೆ ನಡೆಸಬೇಕು. ಅದರ ಬದಲು ಹೆಸರಿಗೊಂದು ಗಾಡಿ ಓಡಿಸಿದರೆ ಸಾಕು ಎಂಬಂತಾಯಿತು. ಸ್ಟಾಕ್‌ಪೋರ್ಟ್–ಸ್ಟೇಲಿಬ್ರಿಜ್ ಹಾದಿಯಲ್ಲಿ 1990ರ ದಶಕದಿಂದ ಹಲವು ವರ್ಷ ವಾರಕ್ಕೆ ಒಂದೇ ಗಾಡಿ ಓಡಿತು. ಇಂಥ ಹಾದಿ ಸಾಯುವ ಕ್ರಮ ಸುಲಭ. ಅನುಕೂಲವಲ್ಲದ ವೇಳೆಗೆ ಗಾಡಿ ಬಿಡುತ್ತಾರೆ, ಜನ ಹತ್ತುವುದಿಲ್ಲ. ಜನ ಹತ್ತುವುದಿಲ್ಲವೆಂದು ಗಾಡಿಯನ್ನು ಇನ್ನೂ ಕಡಿಮೆ ಮಾಡುತ್ತಾರೆ. ಕೊನೆಗೆ ಲೆಕ್ಕದ ಪುಸ್ತಕವೇ ತೀರ್ಪು ಕೊಡುತ್ತದೆ.

ನಮ್ಮ ಹಾದಿಗೆ ಆ ಗತಿ ಬಂದಿಲ್ಲ. 1990ರ ದಶಕದ ಆರಂಭದಲ್ಲಿ ಅದು ಬ್ರಾಡ್ ಗೇಜ್ ಆಯಿತು. 2010ರ ದಶಕದಲ್ಲಿ ಜೋಡಿ ಹಳಿ, ವಿದ್ಯುತ್ ಎಂಜಿನ್ ಬಂದವು. ಆದರೆ ಹಾದಿ ಚುರುಕಾದಷ್ಟೂ ನಡುವಿನ ನಿಲ್ದಾಣಗಳು ದೂರವಾಗುತ್ತವೆ. ಒಂಟಿ ಹಳಿಯ ಕಾಲದಲ್ಲಿ ಎದುರಿನ ಗಾಡಿಗೆ ದಾರಿ ಬಿಡಲಾದರೂ ಗಾಡಿ ಅಲ್ಲಲ್ಲಿ ನಿಲ್ಲಬೇಕಿತ್ತು. ಈಗ ಆ ನೆಪವೂ ಇಲ್ಲ. 2020ರ ಮಾರ್ಚಿಯಲ್ಲಿ ಕೋವಿಡ್ಡಿನಿಂದ ದೇಶದ ಪ್ಯಾಸೆಂಜರ್ ಗಾಡಿಗಳೆಲ್ಲ ನಿಂತವು. ಮತ್ತೆ ಹೊರಟಾಗ ಅವಕ್ಕೆ ಎಕ್ಸ್‌ಪ್ರೆಸ್ಸಿನ ದರ ಬಿದ್ದಿತು. 10 ರೂಪಾಯಿಯ ಕನಿಷ್ಠ ಟಿಕೆಟು 30 ರೂಪಾಯಿಯಾಯಿತು. ಹಳೆಯ ದರ ಮರಳಿದ್ದು 2024ರ ಫೆಬ್ರವರಿಯಲ್ಲಿ. ಮೈಸೂರಿನವರೆಗೆ ಹೋಗುವವರಿಗೆ ಇದು ಸಣ್ಣ ಸಂಗತಿ. ದಿನವೂ ಹನಕೆರೆಯಿಂದ ಮಂಡ್ಯಕ್ಕೆ ಹೋಗಿಬರುವವರ ಪಾಲಿಗೆ ಅದು ಮೂರು ಪಟ್ಟು ಖರ್ಚು.

ಬಡಕಲಾದ ಹಾದಿ ಚೇತರಿಸಿಕೊಂಡದ್ದೂ ನಮ್ಮ ರಾಜ್ಯದಲ್ಲೇ ಇದೆ. ಶಿವಮೊಗ್ಗ–ತಾಳಗುಪ್ಪ ಮೀಟರ್ ಗೇಜ್ ಹಾದಿಯಲ್ಲಿ ಒಂದು ಕಾಲಕ್ಕೆ ಬಸ್ಸಿನಂಥ ಒಂಟಿ ರೈಲುಬಸ್ಸು ಓಡುತ್ತಿತ್ತು. ಹಾದಿಯನ್ನು ಮುಚ್ಚದೆ ಅಗಲಗೊಳಿಸಿದರು. 2011ರಲ್ಲಿ ದೊಡ್ಡ ಗಾಡಿ ತಾಳಗುಪ್ಪ ತಲುಪಿತು. ಮೈಸೂರಿನಿಂದ ತಾಳಗುಪ್ಪಕ್ಕೆ ಬೆಂಗಳೂರಿನ ಮೇಲೆ ಹೋಗುವ ಗಾಡಿ ಇಂದು ಮಂಡ್ಯವನ್ನು ಹಾದೇ ಹೋಗುತ್ತದೆ. ಜನ ರೈಲನ್ನು ಬಿಟ್ಟರೋ, ರೈಲು ಜನರನ್ನು ಬಿಟ್ಟಿತೋ ಎಂಬುದನ್ನು ನೋಡಿಯೇ ಹಾದಿಯ ಹಣೆಬರಹ ಬರೆಯಬೇಕೆಂಬುದಕ್ಕೆ ಇದು ಸಾಕ್ಷಿ.

ಬರಗಾಲದ ಕೂಲಿಗಳು ಹೊತ್ತ ಮಣ್ಣಿನ ಏರಿಯ ಮೇಲೆ ನಮ್ಮ ಗಾಡಿ ಓಡುತ್ತಿದೆ. ಆ ಹಾದಿಯನ್ನು ಹಾಕಿದ್ದು ಎರಡು ರಾಜಧಾನಿಗಳ ನಡುವೆ ಬೇಗ ಓಡಾಡಲಿಕ್ಕೆ ಮಾತ್ರವಲ್ಲ, ನಡುವಿನ ಹಳ್ಳಿ ಬದುಕಲಿ ಎಂದು ಕೂಡ. ಮುಂದಿನ ಸಲ ನಿಮ್ಮ ಗಾಡಿ ಹನಕೆರೆಯನ್ನೋ ಯಲಿಯೂರನ್ನೋ ನಿಲ್ಲದೆ ದಾಟಿದಾಗ, ಪ್ಲಾಟ್‌ಫಾರಂ ಮೇಲೆ ಯಾರಾದರೂ ನಿಂತಿದ್ದಾರೆಯೇ ಎಂದು ಒಮ್ಮೆ ನೋಡಿ. ಅವರು ಕಾಯುತ್ತಿರುವುದು ಹಿಂದೆ ಬರುವ ಪ್ಯಾಸೆಂಜರಿಗೆ.