ಕೃತಕ ಬಂಡೆಸಾಲುಗಳೂ ಕಡಲತಳದ ಕಿರುಪ್ರಾಣಿಗಳೂ

ಕಡಲಿನಲ್ಲಿ ಕಲ್ಲು, ಮರ ಮೊದಲಾದವುಗಳನ್ನು ಮುಳುಗಿಸಿ ಮೀನುಗಳನ್ನು ಒಂದೆಡೆಗೆ ಸೆಳೆಯುವ ಪದ್ಧತಿಯು ಜಪಾನು ದೇಶದಲ್ಲಿ 18ನೆಯ ಶತಮಾನದಷ್ಟು ಹಿಂದೆಯೇ ಬಳಕೆಯಲ್ಲಿದ್ದಿತು. ಇಂತಹ ಕೃತಕ ಬಂಡೆಸಾಲುಗಳ ಫಲವನ್ನು ಜನರು ಬಹುಕಾಲ ಬಲೆಗೆ ಬಿದ್ದ ಮೀನಿನಿಂದಲೇ ಅಳೆದರು. ಬಂಡೆಯ ಸುತ್ತಣ ಮಳಲಿನಲ್ಲಿ ಹುದುಗಿರುವ ಕಿರುಪ್ರಾಣಿಗಳ ಗತಿಯೇನೆಂಬ ವಿಚಾರವು ಹಿಂದುಳಿಯಿತು. ಇದು ಅಲಕ್ಷಿಸತಕ್ಕ ಪ್ರಶ್ನೆಯಲ್ಲ. ಈ ಪ್ರಾಣಿಗಳು ಅನೇಕ ಮೀನುಗಳಿಗೆ ಆಹಾರವಾದುದರಿಂದ, ಬಂಡೆಯ ಬಳಿ ಕಾಣುವ ಸಮೃದ್ಧಿಗೆ ಸುತ್ತಣ ತಳವು ಬೆಲೆ ತೆರುತ್ತಿದೆಯೇ ಎಂಬುದು ಇದರಿಂದಲೇ ನಿರ್ಣಯವಾಗಬೇಕು.

ಈ ಪ್ರಾಣಿವರ್ಗಕ್ಕೆ ಪ್ರತ್ಯೇಕವಾದ ಹೆಸರು ದೊರೆತುದು 1942ರಲ್ಲಿ. ಇಂಗ್ಲೆಂಡಿನ ಪ್ಲಿಮತ್ ಸಮೀಪದ ಕಡಲಕೆಸರನ್ನು ಪರೀಕ್ಷಿಸಿದ ಮಾಲಿ ಮೇರ್ ಎಂಬ ವಿದುಷಿಯು, ದೊಡ್ಡ ಜರಡಿಯಲ್ಲಿ ನಿಲ್ಲದ, ಆದರೆ ಏಕಾಣುಜೀವಿಗಳಿಗಿಂತ ದೊಡ್ಡವಾದ ಪ್ರಾಣಿಗಳನ್ನು 'ಮೀಯೋಬೆಂಥಾಸ್' ಎಂದು ಕರೆದರು. ಒಂದು ಮಿಲ್ಲಿಮೀಟರಿಗಿಂತ ಚಿಕ್ಕವಾದ ದುಂಡುಹುಳುಗಳೂ ಕೋಪಿಪಾಡ್‌ಗಳೂ ಇವುಗಳಲ್ಲಿ ಮುಖ್ಯವಾದುವು.

ಬಂಡೆಸಾಲಿನ ನೆರೆಯ ಮಳಲನ್ನು ಕುರಿತ ಶೋಧನೆಯು ಮೊದಲು ಇವುಗಳಿಗಿಂತ ತುಸು ದೊಡ್ಡ ಜೀವಿಗಳಲ್ಲಿ ನಡೆಯಿತು. 1982ರಲ್ಲಿ ಡೇವಿಸ್, ವಾನ್‌ಬ್ಲಾರಿಕಮ್, ಡೇಟನ್ ಎಂಬವರು ದಕ್ಷಿಣ ಕ್ಯಾಲಿಫೋರ್ನಿಯದ ಕಡಲಿನ ವಿಷಯವಾಗಿ ಒಂದು ಪ್ರಬಂಧವನ್ನು ಪ್ರಕಟಿಸಿದರು. ಬಂಡೆಯ ಅಂಚಿನಲ್ಲಿ ಮಳಲು ಕೊರೆದುಹೋದುದನ್ನೂ, ಬಂಡೆಯ ಮೀನುಗಳು ಮೇದುದರಿಂದ ಗರಿಯಾಕಾರದ 'ಸಮುದ್ರಲೇಖನಿ' ಎಂಬ ಪ್ರಾಣಿಗಳು ಕ್ಷಯಿಸಿದುದನ್ನೂ ಅವರು ಕಂಡರು. ಇದರಿಂದ ಮೀನಿನ ಮೇಯುವಿಕೆಯೇ ಪ್ರಧಾನಕಾರಣವೆಂದು ಊಹಿಸಲು ಅವಕಾಶವಾಯಿತು. ಆದರೆ 1980ರಲ್ಲಿ ಅದೇ ಕರಾವಳಿಯಲ್ಲಿ ನಿರ್ಮಿತವಾದ ಪೆಂಡಲ್ಟನ್ ಬಂಡೆಸಾಲನ್ನು ಪರೀಕ್ಷಿಸಿ ಆಂಬ್ರೋಸ್ ಮತ್ತು ಆಂಡರ್ಸನ್ 1990ರಲ್ಲಿ ಬರೆದ ಪ್ರಬಂಧವು ಈ ಊಹೆಯನ್ನು ಸಡಿಲಿಸಿತು. ಬಂಡೆಯ ಬಳಿಯ ಮಳಲು ಹೆಚ್ಚು ದಪ್ಪಕಣಗಳಿಂದ ಕೂಡಿದ್ದಿತು. ಕೆಲವು ಜಾತಿಗಳು ಅಲ್ಲಿ ವಿರಳವಾಗಿ, ಬೇರೆ ಕೆಲವು ಹೇರಳವಾಗಿದ್ದುವು. ಮೀನುಗಳು ತಳವನ್ನು ವ್ಯಾಪಕವಾಗಿ ಬರಿದುಮಾಡಿದುದಕ್ಕೆ ಮಾತ್ರ ಸಾಕ್ಷ್ಯ ದೊರೆಯಲಿಲ್ಲ.

ಈ ಭೇದವು ಕಿರುಪ್ರಾಣಿಗಳ ವಿಷಯದಲ್ಲಿ ಇನ್ನೂ ಮಹತ್ತ್ವವುಳ್ಳದ್ದು. ಅವುಗಳಲ್ಲಿ ಅನೇಕವು ಮಳಲಕಣಗಳ ನಡುವಣ ಸಂದುಗಳಲ್ಲಿಯೇ ಬಾಳುತ್ತವೆ. ಬಂಡೆಯು ನೀರಿನ ಓಟವನ್ನು ತಿರುಗಿಸಿದಾಗ ಒಂದೆಡೆ ಸಣ್ಣಕಣಗಳು ತೊಳೆದುಹೋಗುತ್ತವೆ, ಮತ್ತೊಂದೆಡೆ ಜೈವಿಕಶೇಷವು ತಂಗುತ್ತದೆ. ಆಗ ಅವುಗಳ ಮನೆಯೂ ಆಹಾರವೂ ಒಮ್ಮೆಗೇ ಮಾರ್ಪಡುತ್ತವೆ. 2002ರಲ್ಲಿ ರಾಬರ್ಟೋ ಡನೊವಾರೊ ಮತ್ತು ಸಂಗಡಿಗರು ಕೃತಕ ಬಂಡೆಗಳ ಸುತ್ತಣ ಕಿರುಪ್ರಾಣಿಗಳನ್ನೇ ವಿಷಯವಾಗಿಟ್ಟು ಪ್ರಬಂಧವನ್ನು ಪ್ರಕಟಿಸಿದುದರಿಂದ, ಮೇರ್ ಹೆಸರಿಟ್ಟ ವರ್ಗವು 60 ವರ್ಷಗಳ ತರುವಾಯ ಈ ಚರ್ಚೆಯೊಳಗೆ ಸ್ಥಾನ ಪಡೆಯಿತು.

ಆದುದರಿಂದ ಬಂಡೆಸಾಲನ್ನು ಕೇವಲ ಹಿತವೆಂದಾಗಲಿ ಅಹಿತವೆಂದಾಗಲಿ ಹೇಳುವುದು ಯುಕ್ತವಲ್ಲ. ಅದನ್ನು ಕಟ್ಟುವ ಮುನ್ನವೂ ಕಟ್ಟಿದ ಮೇಲೆಯೂ, ಗೊತ್ತಾದ ದೂರಗಳಲ್ಲಿ ತಳದ ಮಳಲನ್ನು ತೆಗೆದು ಎಣಿಸಿದಲ್ಲದೆ, ಮೀನಿನ ಲೆಕ್ಕವೊಂದೇ ಪೂರ್ಣಪ್ರಮಾಣವಾಗಲಾರದು.