ಅರ್ಧದಾರಿಯ ಒಡಂಬಡಿಕೆ

ಅರ್ಧದಾರಿಯ ಒಡಂಬಡಿಕೆ : ಉತ್ತರ ಅಮೆರಿಕದ ನ್ಯೂ ಇಂಗ್ಲೆಂಡಿನ ಪ್ಯೂರಿಟನ್ ಸಭೆಗಳು 17ನೆಯ ಶತಮಾನದಲ್ಲಿ ಮಾಡಿಕೊಂಡ ಸದಸ್ಯತ್ವದ ಏರ್ಪಾಡು. ಶೈಶವದಲ್ಲಿ ದೀಕ್ಷಾಸ್ನಾನ ಪಡೆದು, ಬೆಳೆದ ಮೇಲೆ ರಕ್ಷಣೆಯ ಅನುಭವ ತಮಗಾಗಿದೆ ಎಂದು ಹೇಳಿಕೊಳ್ಳಲಾಗದೆ ಉಳಿದವರ ಮಕ್ಕಳಿಗೂ ದೀಕ್ಷಾಸ್ನಾನ ಕೊಡಬಹುದು, ಆದರೆ ಆ ತಂದೆತಾಯಿಗಳಿಗೆ ಕರ್ತನ ಭೋಜನವಾಗಲಿ ಸಭೆಯ ಮತವಾಗಲಿ ಇಲ್ಲ ಎಂಬುದು ಇದರ ತಿರುಳು. 1662ರ ಬಾಸ್ಟನ್ ಸಿನಡ್ ಇದನ್ನು ಅಂಗೀಕರಿಸಿತು. ಹೆಸರಿಗಷ್ಟೇ ಕ್ರೈಸ್ತರಾಗಿದ್ದವರ ಉದಾಸೀನಕ್ಕೆ ಸಭೆ ಮಣಿದ ಪ್ರಸಂಗ ಎಂದು ಇದನ್ನು ಬಹುಕಾಲ ಬಣ್ಣಿಸುತ್ತ ಬರಲಾಗಿದೆ. ಆ ಬಣ್ಣನೆಗೆ ದಾಖಲೆಗಳ ಬೆಂಬಲ ಅರೆಬರೆ.

1630ರ ದಶಕದಲ್ಲಿ ಸುಮಾರು 20,000 ಜನ ಇಂಗ್ಲೆಂಡ್ ಬಿಟ್ಟು ಇಲ್ಲಿಗೆ ಬಂದರು. ಊರಿನಲ್ಲಿ ಹುಟ್ಟಿದವರೆಲ್ಲ ಸಭೆಯವರೇ, ಕುಡುಕನೂ ಭಕ್ತನೂ ಒಂದೇ ಪಾತ್ರೆಯಿಂದ ದ್ರಾಕ್ಷಾರಸ ಕುಡಿಯುವವರೇ ಎಂಬ ಇಂಗ್ಲೆಂಡಿನ ಪದ್ಧತಿ ಅವರಿಗೆ ಸಹ್ಯವಾಗಿರಲಿಲ್ಲ. ಆದ್ದರಿಂದ ಮ್ಯಾಸಚೂಸೆಟ್ಸ್‌ನಲ್ಲಿ 1630ರ ದಶಕದ ನಡುವಿನಿಂದ ಹೊಸ ಪರೀಕ್ಷೆಯೊಂದು ಬಂತು. ಸಭೆ ಸೇರಬಯಸುವವರು ದೇವರ ಕೃಪೆ ತಮ್ಮಲ್ಲಿ ಹೇಗೆ ಕೆಲಸ ಮಾಡಿತು ಎಂಬುದನ್ನು ವಿವರಿಸಿ ಸದಸ್ಯರಿಗೆ ಮನವರಿಕೆ ಮಾಡಿಕೊಡಬೇಕು. 1631ರಿಂದಲೇ ವಸಾಹತಿನ ಮತದ ಹಕ್ಕು ಸಭೆಯ ಸದಸ್ಯರಿಗೆ ಮಾತ್ರ ಎಂದಾಗಿದ್ದರಿಂದ ಈ ಪರೀಕ್ಷೆಯ ತೂಕ ಪ್ರಾರ್ಥನಾಮಂದಿರದ ಹೊರಗೂ ಇತ್ತು. ಕೇಂಬ್ರಿಜ್ ಊರಿನ ಸಭಾಪಾಲಕ ಥಾಮಸ್ ಶೆಪರ್ಡ್ ತನ್ನ ಸಭೆ ಸೇರಬಂದವರ ಮಾತುಗಳನ್ನು ಬರೆದಿಟ್ಟುಕೊಂಡಿದ್ದ. ಮನೆಗೆಲಸದ ಹೆಣ್ಣುಮಕ್ಕಳಿಂದ ಹಿಡಿದು ಹಾರ್ವರ್ಡ್ ವಿದ್ಯಾರ್ಥಿಗಳವರೆಗೆ ಎಲ್ಲ ಬಗೆಯವರೂ ಅಲ್ಲಿದ್ದಾರೆ. ಒಂದು ಪ್ರಸಂಗ ಕೇಳಿ ಎದೆ ನಡುಗಿದ್ದು, ಇನ್ನೊಂದು ವಚನ ಓದಿ ಸಮಾಧಾನವಾದದ್ದು, ನಾಲ್ಕು ದಿನಕ್ಕೆ ಮತ್ತೆ ಸಂಶಯ ಹೊಕ್ಕಿದ್ದು, ಬಹುಪಾಲು ನಿವೇದನೆಗಳ ಧಾಟಿ ಇದೇ. ತಾನು ರಕ್ಷಣೆ ಪಡೆದವನೆಂದು ಗಟ್ಟಿಯಾಗಿ ಹೇಳಿದವರು ಕಡಿಮೆ.

ತೊಡಕು ಕಾಣಿಸಿಕೊಂಡದ್ದು ಇವರ ಮಕ್ಕಳ ಕಾಲಕ್ಕೆ. ದೇವರು ಅಬ್ರಹಾಮನೊಂದಿಗೂ ಅವನ ಸಂತತಿಯೊಂದಿಗೂ ಮಾಡಿಕೊಂಡ ಒಡಂಬಡಿಕೆಯ (ಆದಿಕಾಂಡ 17:7) ಆಧಾರದ ಮೇಲೆ, ಸುನ್ನತಿಯ ಸ್ಥಾನದಲ್ಲಿ ದೀಕ್ಷಾಸ್ನಾನವನ್ನಿಟ್ಟು, ಸದಸ್ಯರ ಕೂಸುಗಳಿಗೆಲ್ಲ ಸ್ನಾನ ಮಾಡಿಸಲಾಗಿತ್ತು. ಮುಂದೆ ಇವರೂ ಅನುಭವ ಹೇಳಿ ಪೂರ್ಣ ಸದಸ್ಯರಾಗುತ್ತಾರೆಂಬುದು ಹಿರಿಯರ ಎಣಿಕೆ. ಬಹಳ ಮಂದಿ ಹೇಳಲಿಲ್ಲ. ಬಿಷಪ್ಪರ ಕಾಟ, ಕಡಲ ಪಯಣ, ಕಾಡಿನ ನಡುವೆ ಮೊದಲ ಚಳಿಗಾಲ ಇವೆಲ್ಲ ಕಂಡ ಹಿರಿಯರಿಗೆ ಬದುಕು ಎಲ್ಲಿ ತಿರುಗಿತೆಂದು ತೋರಿಸುವುದು ಸುಲಭವಿತ್ತು. ಬೆಳಗು ಬೈಗು ಮನೆಪ್ರಾರ್ಥನೆಯಲ್ಲೇ ಬೆಳೆದವನು ತಾನು ಯಾವ ದಿನ ಭಕ್ತನಾದೆನೆಂದು ಏನು ಹೇಳಿಯಾನು? ಇದರ ಮೇಲೆ, ಅಯೋಗ್ಯನಾಗಿ ತಿಂದು ಕುಡಿಯುವವನು ತನಗೇ ದಂಡನೆಯನ್ನು ತಂದುಕೊಳ್ಳುತ್ತಾನೆಂಬ ಪೌಲನ ಎಚ್ಚರಿಕೆ (1 ಕೊರಿಂಥ 11) ಅವರ ಕಿವಿಯಲ್ಲಿ ಗುಂಯ್‌ಗುಡುತ್ತಿತ್ತು. ಭಯದಿಂದ ಹಿಂದೆ ನಿಂತವರೂ ಅಸಡ್ಡೆಯಿಂದ ಹಿಂದೆ ನಿಂತವರೂ ಹೊರನೋಟಕ್ಕೆ ಒಂದೇ ಸಾಲಿನಲ್ಲಿದ್ದರು. ಅಷ್ಟರಲ್ಲಿ ಇವರಿಗೂ ಮದುವೆಯಾಗಿ ಮಕ್ಕಳಾದವು. ಆ ಮೊಮ್ಮಕ್ಕಳ ಗತಿಯೇನು?

1648ರಲ್ಲಿ ಸಭೆಗಳ ಕಟ್ಟಳೆಯಾಗಿ ರೂಪುಗೊಂಡ ಕೇಂಬ್ರಿಜ್ ನಿಬಂಧನೆ ಈ ಪ್ರಶ್ನೆಯನ್ನು ಇತ್ಯರ್ಥ ಮಾಡದೆ ಬಿಟ್ಟಿತು. 1657ರಲ್ಲಿ ಮ್ಯಾಸಚೂಸೆಟ್ಸ್ ಮತ್ತು ಕನೆಕ್ಟಿಕಟ್ ಸಭಾಪಾಲಕರ ಕೂಟ ಸಡಿಲಿಕೆಯ ಪರ ಅಭಿಪ್ರಾಯ ಕೊಟ್ಟಿತು. 1662ರ ಸಿನಡ್ ಅದನ್ನೇ ಖಚಿತಪಡಿಸಿತು. ವಿಶ್ವಾಸದ ಬೋಧನೆಯನ್ನು ಅರಿತು ಒಪ್ಪಿದವರು, ನಡತೆಯಲ್ಲಿ ಕಳಂಕವಿಲ್ಲದವರು, ಒಡಂಬಡಿಕೆ ತಮ್ಮದೆಂದು ಸಭೆಯ ಮುಂದೆ ಹೇಳಿದವರು ತಮ್ಮ ಮಕ್ಕಳನ್ನು ಸ್ನಾನಕ್ಕೆ ತರಬಹುದು ಎಂಬುದು ಅದರ ಐದನೆಯ ನಿರ್ಣಯ.

ಹಾರ್ವರ್ಡಿನ ಅಧ್ಯಕ್ಷ ಚಾರ್ಲ್ಸ್ ಚಾನ್ಸಿ, ನ್ಯೂ ಹೇವನ್ನಿನ ಜಾನ್ ಡೇವನ್‌ಪೋರ್ಟ್ ಇದನ್ನು ಬಲವಾಗಿ ವಿರೋಧಿಸಿದರು. ಜಗಳ ಮನೆಗಳೊಳಕ್ಕೂ ನುಗ್ಗಿತು. ಡೇವನ್‌ಪೋರ್ಟನ ಖಂಡನಗ್ರಂಥಕ್ಕೆ ಮುನ್ನುಡಿ ಬರೆದವನು ತರುಣ ಇನ್‌ಕ್ರೀಸ್ ಮೇದರ್. ಆ ಗ್ರಂಥಕ್ಕೆ ಉತ್ತರ ಬರೆದವನು ಅವನ ತಂದೆ, ಡಾರ್ಚೆಸ್ಟರಿನ ಪಾಲಕ ರಿಚರ್ಡ್ ಮೇದರ್. ತಂದೆಯ ಪಾಡು ಇನ್ನೂ ವಿಚಿತ್ರ. ಸಿನಡ್ಡನ್ನು ಗೆದ್ದ ಆತನಿಗೆ ತನ್ನ ಸ್ವಂತ ಸಭೆಯನ್ನು ಗೆಲ್ಲಲಾಗಲಿಲ್ಲ. ಅವನು ಬದುಕಿರುವ ತನಕ ಡಾರ್ಚೆಸ್ಟರ್ ಈ ಏರ್ಪಾಡನ್ನು ಜಾರಿಗೆ ತರಲಿಲ್ಲ. 1668ರಲ್ಲಿ ಬಾಸ್ಟನ್ನಿನ ಪ್ರಥಮ ಸಭೆ ಡೇವನ್‌ಪೋರ್ಟನನ್ನೇ ಕರೆಸಿಕೊಂಡಾಗ ಅಲ್ಲಿನ ಸಡಿಲಿಕೆಯ ಪಕ್ಷದವರು ಸಿಡಿದು ಹೊರಬಂದು, ಮರುವರ್ಷ ತೃತೀಯ ಸಭೆಯನ್ನು ಕಟ್ಟಿದರು; ಇಂದಿನ ಓಲ್ಡ್ ಸೌತ್ ಚರ್ಚ್ ಅದೇ. ಈ ಒಡಕಿನ ಪಂಚಾಯಿತಿಗೆಂದು 1669ರ ಏಪ್ರಿಲ್‌ನಲ್ಲಿ ಬಾಸ್ಟನ್ನಿಗೆ ಬಂದಿದ್ದ ರಿಚರ್ಡ್ ಮೇದರ್ ಮೂತ್ರಕಲ್ಲಿನ ಬೇನೆಯಿಂದ ಕುಸಿದು, ಕೆಲವೇ ದಿನಗಳಲ್ಲಿ ತೀರಿಕೊಂಡ. ಬೆಳೆಯುತ್ತಿರುವ ಪೀಳಿಗೆಯನ್ನೂ ಅವರ ಮಕ್ಕಳ ದೀಕ್ಷಾಸ್ನಾನವನ್ನೂ ಮರೆಯಬೇಡವೆಂದು ಸಾವಿನ ಹಾಸಿಗೆಯಲ್ಲಿ ಮಗನಿಗೆ ಹೇಳಿದ. ಇದನ್ನು ದಾಖಲಿಸಿದವನು ಆ ಮಗನೇ. ಮುಂದೆ ಇನ್‌ಕ್ರೀಸ್ ಪಕ್ಷ ಬದಲಿಸಿ ಸಿನಡ್ಡಿನ ಸಮರ್ಥಕನಾದ.

ಡಾರ್ಚೆಸ್ಟರಿನ ಪ್ರಸಂಗ ಅಪವಾದವಲ್ಲ. ಸಭಾಪಾಲಕರಲ್ಲಿ ಹೆಚ್ಚಿನವರು ಸಡಿಲಿಕೆಯ ಪರವಿದ್ದರೆ, ಅದನ್ನು ತಡೆದವರು ಬೆಂಚುಗಳ ಮೇಲೆ ಕೂತ ಸಾಮಾನ್ಯ ಸದಸ್ಯರು. ಪ್ರಸಂಗಪೀಠದಿಂದ ನಂಬಿಕೆ ತಣ್ಣಗಾಯಿತೆಂಬ ದೂರು ಕೇಳಿಬರುತ್ತಿದ್ದ ವರ್ಷಗಳಲ್ಲೇ ನಿಯಮ ಸಡಿಲವಾಗದಂತೆ ಕಾದವರು ಇವರು. ಇವರನ್ನು ಉಗುರುಬೆಚ್ಚಗಿನವರು ಎನ್ನುವುದು ಕಷ್ಟ. 1675-76ರಲ್ಲಿ ಮೂಲನಿವಾಸಿಗಳೊಂದಿಗೆ ನಡೆದ ಕಿಂಗ್ ಫಿಲಿಪ್ ಯುದ್ಧ ಹಲವು ಊರುಗಳನ್ನು ಸುಟ್ಟಿತು. ಅದನ್ನು ದೇವರ ಸಿಟ್ಟೆಂದು ಬಗೆದ 1679ರ ಸುಧಾರಣಾ ಸಿನಡ್ ಸಬ್ಬತ್ ಮುರಿಯುವುದು, ಮನೆಪ್ರಾರ್ಥನೆ ಬಿಡುವುದು, ಹೆಂಡದಂಗಡಿಯ ಚಟ, ಉಡುಪಿನ ಡಂಬ, ಆರಾಧನೆಯ ಹೊತ್ತಿನ ತೂಕಡಿಕೆ ಎಂದು ಪಾಪಗಳ ಪಟ್ಟಿಯನ್ನೇ ಹೊರಡಿಸಿತು. ಆ ನಂತರ ಊರೂರಲ್ಲಿ ಸಾಮೂಹಿಕವಾಗಿ ಒಡಂಬಡಿಕೆಯನ್ನು ನವೀಕರಿಸುವ ರೂಢಿ ಬೆಳೆಯಿತು. ಅರ್ಧದಾರಿಯ ಪದ್ಧತಿಯೂ ಹೆಚ್ಚು ಕಡೆ ಕಾಲೂರಿತು.

ನಾರ್ಥಾಂಪ್ಟನ್ನಿನ ಸಾಲೊಮನ್ ಸ್ಟಾಡರ್ಡ್ ಇನ್ನೂ ಮುಂದೆ ಹೋದ. ಕರ್ತನ ಭೋಜನವೇ ಮನಸ್ಸನ್ನು ತಿರುಗಿಸುವ ಸಾಧನವಾಗಬಲ್ಲದು, ಆದ್ದರಿಂದ ಮರ್ಯಾದೆಯಿಂದ ಬಾಳುವವರನ್ನು ಅದರಿಂದ ದೂರವಿಡಬಾರದು ಎಂದ. ಅಂಜಿ ನಿಂತವರ ಮನಸ್ಸನ್ನು ಈ ವಿವಾದದಲ್ಲಿ ಸರಿಯಾಗಿ ಓದಿದವನು ಬಹುಶಃ ಇವನೊಬ್ಬನೇ. ಮೊಮ್ಮಗ ಜಾನಥನ್ ಎಡ್ವರ್ಡ್ಸ್ 1729ರಲ್ಲಿ ಅದೇ ಸಭೆಯ ಹೊಣೆ ಹೊತ್ತು, 1734-35ರ ಪ್ರಸಿದ್ಧ ಜಾಗೃತಿಯನ್ನು ಕಂಡ. ಆ ಬಿಸಿ ಆರಿದ್ದನ್ನೂ ಕಂಡ. 1749ರಲ್ಲಿ ಅಜ್ಜನ ಪದ್ಧತಿ ತಪ್ಪೆಂದು ಪುಸ್ತಕ ಪ್ರಕಟಿಸಿದ. ಮರುವರ್ಷ ಜೂನ್‌ನಲ್ಲಿ ಸಭೆ ಅವನನ್ನು ವಜಾ ಮಾಡಿತು. ಉಳಿಯಲಿ ಎಂದು ಮತ ಹಾಕಿದವರು 23 ಮಂದಿ, ಹೋಗಲಿ ಎಂದವರು 200ಕ್ಕೂ ಹೆಚ್ಚು.

ಅರ್ಧದಾರಿ ಎಂಬ ಹೆಸರು ಇಟ್ಟವರು 18ನೆಯ ಶತಮಾನದ ವಿರೋಧಿಗಳು. ಎಡ್ವರ್ಡ್ಸನ ಶಿಷ್ಯ ಜೋಸೆಫ್ ಬೆಲಮಿ 1769ರಲ್ಲಿ ಅದೇ ಶೀರ್ಷಿಕೆಯ ಸಂವಾದವನ್ನು ಅಚ್ಚು ಹಾಕಿಸಿದ. 19ನೆಯ ಶತಮಾನದ ಆರಂಭದ ಹೊತ್ತಿಗೆ ಪದ್ಧತಿ ಬಹುತೇಕ ಕಣ್ಮರೆಯಾಯಿತು.

ಇತಿಹಾಸಕಾರರಲ್ಲಿ ಪೆರಿ ಮಿಲ್ಲರ್ ಪ್ರಸಂಗಗಳ ಗೋಳನ್ನು ಹಿಡಿದು ಅವನತಿಯ ಕಥನವನ್ನು ಕಟ್ಟಿದ. ಎಡ್ಮಂಡ್ ಮಾರ್ಗನ್ 1963ರಲ್ಲಿ, ಈ ಪದ್ಧತಿಯನ್ನು ಕುಂದಿದ ಭಕ್ತಿಯ ಗುರುತೆಂದು ಓದಬೇಕಿಲ್ಲ, ಮಿತಿಮೀರಿದ ಆತ್ಮಪರೀಕ್ಷೆಯೂ ಅದರ ಹಿಂದಿತ್ತು ಎಂದು ವಾದಿಸಿದ. ರಾಬರ್ಟ್ ಪೋಪ್ 1969ರಲ್ಲಿ ಪ್ರಸಂಗಗಳನ್ನು ಬದಿಗಿಟ್ಟು ಸಭೆಗಳ ದಫ್ತರಗಳನ್ನೇ ಬಿಚ್ಚಿದ. ಅಂಥ ದಫ್ತರಗಳಲ್ಲಿ ಗಂಡನೋ ಹೆಂಡತಿಯೋ ಒಡಂಬಡಿಕೆಯನ್ನು ಒಪ್ಪಿಕೊಂಡ ನಮೂದಿನ ಹತ್ತಿರದಲ್ಲೇ, ಕೆಲವೊಮ್ಮೆ ಅದೇ ದಿನಾಂಕದ ಕೆಳಗೆ, ಅವರ ಚೊಚ್ಚಲ ಮಗುವಿನ ದೀಕ್ಷಾಸ್ನಾನದ ನಮೂದೂ ಸಿಗುತ್ತದೆ.