ಟರ್ಕಿ ಬೆಂದಿದೆಯಾ? (ಅಡುಗೆಮನೆ ಇತಿಹಾಸ, ಭಾಗ 7)

ಅನ್ನ ಬೆಂದಿದೆಯಾ ಅಂತ ನೋಡೋಕೆ ಒಂದು ಅಗುಳು ಹಿಸುಕಿದ್ರೆ ಸಾಕು. ಆದ್ರೆ ಆರೇಳು ಕೆಜಿ ತೂಗೋ ಇಡೀ ಟರ್ಕಿ ಓವನ್ ಒಳಗಿದೆ ಅಂದ್ಕೊಳ್ಳಿ. ಎಲ್ಲಿ ಹಿಸುಕ್ತೀರಾ? ಹೊರಗೆ ಚರ್ಮ ಕೆಂಪಗೆ ಗರಿಗರಿ ಆಗಿದ್ರೂ, ಒಳಗೆ ಮೂಳೆ ಹತ್ರ ಮಾಂಸ ಇನ್ನೂ ಹಸಿಯಾಗಿರಬಹುದು.

ಇದು ಅಮೆರಿಕದ ದೊಡ್ಡ ತಲೆನೋವು. 1863ರಲ್ಲಿ, ಅಂತರ್ಯುದ್ಧದ ಮಧ್ಯೆ, ಅಬ್ರಹಾಂ ಲಿಂಕನ್ ಇಡೀ ದೇಶಕ್ಕೆ ಥ್ಯಾಂಕ್ಸ್‌ಗಿವಿಂಗ್ ದಿನ ಘೋಷಿಸಿದ್ರು. ಆ ಹಬ್ಬದೂಟಕ್ಕೆ ಟರ್ಕಿ ಇರಲೇಬೇಕು. ಎಷ್ಟೋ ಮನೆಗಳಲ್ಲಿ ಇಡೀ ಹಕ್ಕಿ ಬೇಯಿಸೋದು ವರ್ಷಕ್ಕೆ ಅದೊಂದೇ ದಿನ. ಕೈಗೆ ಅಭ್ಯಾಸ ಇಲ್ಲ, ನೆಂಟರು ಬಂದು ಕೂತಿದ್ದಾರೆ. ಕಡಿಮೆ ಬೆಂದ್ರೆ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾದಿಂದ ಮನೆಮಂದಿಗೆಲ್ಲ ವಾಂತಿ, ಭೇದಿ. ಜಾಸ್ತಿ ಬೆಂದ್ರೆ ಎದೆಮಾಂಸ ಒಣಗಿ ಹತ್ತಿ ಥರ.

ಯಾಕೆ ಇಷ್ಟು ಕಷ್ಟ? ಟರ್ಕಿ ಎದೆಯಲ್ಲಿ ಕೊಬ್ಬು ಕಮ್ಮಿ, ಬೇಗ ಒಣಗುತ್ತೆ. ತೊಡೆಮಾಂಸ ಗಟ್ಟಿ, ಮೆತ್ತಗಾಗೋಕೆ ಹೆಚ್ಚು ಶಾಖ ಬೇಕು. ಒಂದೇ ಹಕ್ಕಿ, ಎರಡು ಲೆಕ್ಕ.

ಹಿಂದಿನವರು ಏನ್ ಮಾಡ್ತಿದ್ರು? ಕಾಲು ಹಿಡಿದು ಅಲ್ಲಾಡಿಸೋದು, ಕೀಲು ಸಡಿಲ ಆಗಿದ್ರೆ ಬೆಂದ ಹಾಗೆ. ತೊಡೆಗೆ ಚುಚ್ಚಿದಾಗ ಬರೋ ರಸ ಕೆಂಪಗಿಲ್ಲದೆ ತಿಳಿಯಾಗಿದ್ರೆ ಬೆಂದ ಹಾಗೆ. ಓವನ್ ಎಷ್ಟು ಕಾದಿದೆ ಅಂತ ತಿಳಿಯೋಕೂ ಒಳಗೆ ಕೈ ಹಿಡಿದು, ಎಷ್ಟು ಸೆಕೆಂಡ್ ತಡೀಬಹುದು ಅಂತ ಎಣಿಸೋರು! 1915ರಲ್ಲಿ ಲೊರೇನ್ ಅನ್ನೋ ಶಾಖ ನಿಯಂತ್ರಕ ಇರೋ ಗ್ಯಾಸ್ ಒಲೆ ಮಾರುಕಟ್ಟೆಗೆ ಬಂತು. ಆಮೇಲೆ ಓವನ್ನಿನ ಶಾಖ ಗೊತ್ತಾಯ್ತು. ಹಕ್ಕಿಯ ಒಳಗಿನ ಶಾಖ?

ಇಲ್ಲಿ ಬರ್ತಾರೆ ಕ್ಯಾಲಿಫೋರ್ನಿಯಾದ ಟರ್ಕಿ ಉತ್ಪಾದಕರು. ಒಣಗಿದ ಟರ್ಕಿ ತಿಂದ ಗಿರಾಕಿ ಮುಂದಿನ ವರ್ಷ ಮತ್ತೆ ಕೊಳ್ಳಬೇಕಲ್ಲ? ಅದಕ್ಕೆ ಅವರ ಸಲಹಾ ಮಂಡಳಿಯವರು ತಲೆ ಕೆಡಿಸ್ಕೊಂಡು ಕೂತಿದ್ದಾಗ, ಒಬ್ಬರ ಕಣ್ಣು ಚಾವಣಿಯ ಬೆಂಕಿ ನಂದಿಸೋ ಸ್ಪ್ರಿಂಕ್ಲರ್ ಮೇಲೆ ಬಿತ್ತು ಅನ್ನೋದು ಪ್ರಸಿದ್ಧ ಕಥೆ. ಸ್ಪ್ರಿಂಕ್ಲರಿನಲ್ಲಿ ಮೆದು ಲೋಹ ಶಾಖಕ್ಕೆ ಕರಗಿದಾಗ ನೀರು ಚಿಮ್ಮುತ್ತೆ. ಪಾಪ್‌ಅಪ್ ಟೈಮರ್ ಕೂಡ ಅದೇ ಉಪಾಯ: ಎದೆಗೆ ಚುಚ್ಚಿದ ಪುಟ್ಟ ಪ್ಲಾಸ್ಟಿಕ್ ಕೊಳವೆ, ಒಳಗೆ ಸ್ಪ್ರಿಂಗ್, ಅದನ್ನ ಹಿಡಿದಿಟ್ಟ ಮೆದು ಲೋಹ. ಲೋಹ ಕರಗಿದ್ರೆ ಕಡ್ಡಿ ಟಪ್ ಅಂತ ಮೇಲೇಳುತ್ತೆ. ಹೆಸರಲ್ಲಿ ಟೈಮರ್ ಇದೆ, ಆದ್ರೆ ಅದು ಸಮಯ ಅಳೆಯೋದೇ ಇಲ್ಲ! ಕಡ್ಡಿ ಏಳೋ ಹೊತ್ತಿಗೆ ಎದೆಮಾಂಸ ಒಣಗಿರುತ್ತೆ ಅಂತ ಬಾಣಸಿಗರ ದೂರು ಇವತ್ತಿಗೂ ಇದೆ.

ಇಷ್ಟಾದರೂ ಜನರ ಭಯ ಹೋಗ್ಲಿಲ್ಲ. 1981ರಲ್ಲಿ ಬಟರ್‌ಬಾಲ್ ಕಂಪನಿ ಆರು ಜನ ಗೃಹವಿಜ್ಞಾನ ತಜ್ಞರನ್ನ ಕೂರಿಸಿ ಫೋನ್ ಸಹಾಯವಾಣಿ ಶುರು ಮಾಡ್ತು. ಮೊದಲ ವರ್ಷವೇ 11,000ಕ್ಕೂ ಹೆಚ್ಚು ಕರೆ! ಅಷ್ಟು ಅಡುಗೆಮನೆಗಳ ಗಾಬರಿ ಅದು.

ಸರ್ಕಾರದ ಲೆಕ್ಕವೂ ಗೊಂದಲವೇ ಇತ್ತು. ಇಡೀ ಹಕ್ಕಿಗೆ 82 ಡಿಗ್ರಿ ಸೆಲ್ಸಿಯಸ್, ಎದೆಗೆ 77. ಕೊನೆಗೆ 2006ರಲ್ಲಿ ಅಮೆರಿಕದ ಕೃಷಿ ಇಲಾಖೆ ಎಲ್ಲಾ ಕೋಳಿ ಜಾತಿಯ ಮಾಂಸಕ್ಕೂ ಒಂದೇ ಸಂಖ್ಯೆ ಹೇಳ್ತು: ಕನಿಷ್ಠ 74. ಥರ್ಮಾಮೀಟರನ್ನ ತೊಡೆಯ ಒಳಭಾಗ, ರೆಕ್ಕೆಯ ಬುಡ, ಎದೆಯ ದಪ್ಪ ಭಾಗ ಮೂರರಲ್ಲೂ ಚುಚ್ಚಿ ನೋಡ್ಬೇಕು, ಮೂಳೆಗೆ ತಾಗಿಸಬಾರದು. ರಸ, ಬಣ್ಣ ನಂಬೋ ಹಾಗಿಲ್ಲ. ಪೂರ್ತಿ ಬೆಂದ ಮೇಲೂ ಮಾಂಸ ಗುಲಾಬಿ ಬಣ್ಣದಲ್ಲೇ ಇರಬಹುದು.

ಈ ಮಾತು ಟರ್ಕಿಗೆ ಮಾತ್ರ ಅಲ್ಲ. ಹಾಸ್ಟೆಲ್ಲಲ್ಲೋ ರೂಮಲ್ಲೋ ಏರ್ ಫ್ರೈಯರ್ ಇಟ್ಕೊಂಡು ಚಿಕನ್ ಮಾಡೋರು ಇದ್ದೀರಲ್ಲ, ನಿಮಗೂ ಅದೇ 74. ಮೇಲೆ ಕೆಂಪಗಾಯ್ತು ಅಂತ ತಟ್ಟೆಗೆ ಹಾಕ್ಕೋಬೇಡಿ.

ನಿಮ್ಮ ಮನೇಲಿ ಮಾಂಸ ಬೆಂತು ಅಂತ ಹೇಗೆ ಕಂಡುಹಿಡೀತಾರೆ? ಕಾಮೆಂಟಲ್ಲಿ ಬರೀರಿ.

#ಅಡುಗೆಮನೆಇತಿಹಾಸ #ಕನ್ನಡದಲ್ಲಿಓದಿ